ನಯಾಗರ ದಾರಿಯಲ್ಲಿ ಒಂದೇ ಕಡೆ ಇಳಿಯುವುದಾದರೆ: ಕಾರ್ನಿಂಗ್, ವಾಟ್ಕಿನ್ಸ್ ಗ್ಲೆನ್ ಅಥವಾ ಇಥಾಕಾ?

ನ್ಯೂಜೆರ್ಸಿಯಲ್ಲಿರುವ ನಮ್ಮಂಥವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ನಯಾಗರ ಟ್ರಿಪ್ ಆಗಲೇಬೇಕು. ಎಡಿಸನ್ ಕಡೆಯಿಂದ ಒಂದೇ ಸಮನೆ ಓಡಿಸಿದರೂ ಆರೂವರೆ ಏಳು ಗಂಟೆಯ ದಾರಿ. ಮಂಡಿನೋವಿನ ಹಿರಿಯರು, ಹಿಂದಿನ ಸೀಟಿನಲ್ಲಿ ಚಡಪಡಿಸುವ ಮಕ್ಕಳು ಇದ್ದರೆ ಅಷ್ಟು ಹೊತ್ತು ಕೂರಿಸುವುದು ಕಷ್ಟ. ಹಾಗಾಗಿ ನಡುವೆ ಎಲ್ಲಾದರೂ ಇಳಿಯೋಣ ಅಂತ ಮಾತು ಬರುತ್ತದೆ. ಆಗ ಕೇಳಿಬರುವುದು ಮೂರೇ ಹೆಸರು: ಕಾರ್ನಿಂಗ್, ವಾಟ್ಕಿನ್ಸ್ ಗ್ಲೆನ್, ಇಥಾಕಾ. ಮೂರೂ ನ್ಯೂಯಾರ್ಕ್ ರಾಜ್ಯದಲ್ಲೇ, ಫಿಂಗರ್ ಲೇಕ್ಸ್ ಅನ್ನುವ ಸರೋವರಗಳ ಸೀಮೆಯಲ್ಲಿ, ಒಂದಕ್ಕೊಂದು ಒಂದು ಗಂಟೆಯೊಳಗಿನ ದೂರದಲ್ಲಿವೆ.

ಮೂರಕ್ಕೂ ನಾನು ಒಂದಕ್ಕಿಂತ ಹೆಚ್ಚು ಸಲ ಹೋಗಿದ್ದೇನೆ. ಒಮ್ಮೆ ಸ್ನೇಹಿತರ ಜೊತೆ, ಒಮ್ಮೆ ಮಕ್ಕಳ ಜೊತೆ, ಕಳೆದ ಸಲ ಅಪ್ಪ ಅಮ್ಮನ ಜೊತೆ. ಈಗ ಯಾರಾದರೂ ಕೇಳಿದರೆ ಯೋಚನೆ ಮಾಡದೆ ಹೇಳುತ್ತೇನೆ: ಒಂದೇ ಕಡೆ ಇಳಿಯುವುದಾದರೆ ಕಾರ್ನಿಂಗ್‌ನಲ್ಲಿ ಇಳಿಯಿರಿ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಳಿದ ಎರಡನ್ನೇ ಆರಿಸಬೇಕಾದ ಸಂದರ್ಭಗಳೂ ಇವೆ, ಅದನ್ನೂ ಹೇಳುತ್ತೇನೆ.

ಬಹಳ ಜನ ಕಾರ್ನಿಂಗ್‌ನಲ್ಲಿ ಮ್ಯೂಸಿಯಂಗೆ ಹೋಗಿ, ಎರಡು ಗಂಟೆ ಓಡಾಡಿ, ಅಂಗಡಿಯಲ್ಲಿ ಒಂದು ಗಾಜಿನ ಹಕ್ಕಿ ಕೊಂಡು ಮತ್ತೆ ಹೈವೇ ಹತ್ತಿಬಿಡುತ್ತಾರೆ. ಟೂರ್ ಬಸ್ಸುಗಳೂ ಹಾಗೇ ಮಾಡುತ್ತವೆ. ಊರನ್ನು ಯಾರೂ ನೋಡುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ. ಆ ಊರಿನ ಕಥೆ ಗೊತ್ತಾದರೆ ಮ್ಯೂಸಿಯಂ ಒಳಗಿನ ಒಂದೊಂದು ವಸ್ತುವೂ ಬೇರೆಯಾಗಿ ಕಾಣುತ್ತದೆ.

ಹತ್ತು ಸಾವಿರ ಜನರ ಊರು

ಕಾರ್ನಿಂಗ್ ಶೆಮಂಗ್ ನದಿಯ ದಡದಲ್ಲಿದೆ. ಜನಸಂಖ್ಯೆ ಹತ್ತು ಸಾವಿರದ ಮೇಲೆ ಸ್ವಲ್ಪ, ನಮ್ಮ ಕಡೆ ದೊಡ್ಡ ಹೋಬಳಿ ಊರಿನಷ್ಟು. ಹೆಸರು ಬಂದದ್ದು ಇರಾಸ್ಟಸ್ ಕಾರ್ನಿಂಗ್ ಎಂಬ ಆಲ್ಬನಿಯ ವ್ಯಾಪಾರಿಯಿಂದ. ಇಲ್ಲಿ ಜಮೀನು ಕೊಂಡವರ ಕಂಪನಿಯಲ್ಲಿ ಅವರೂ ಇದ್ದರು. ಮುಂದೆ ನ್ಯೂಯಾರ್ಕ್ ಸೆಂಟ್ರಲ್ ರೈಲು ಕಂಪನಿಯ ಮೊದಲ ಅಧ್ಯಕ್ಷರಾದವರು ಅವರೇ. ಊರಿನ ನಡುವಿನ ಚೌಕದಲ್ಲಿ ಅವರ ನೆನಪಿಗೆ 1883ರಲ್ಲಿ ಕಟ್ಟಿದ ಗಡಿಯಾರದ ಗೋಪುರ ಇದೆ.

ಊರಿಗೆ ಗಾಜು ಬಂದದ್ದು 1868ರಲ್ಲಿ. ಏಮರಿ ಹೌಟನ್ ಎಂಬುವರು ಬ್ರೂಕ್ಲಿನ್‌ನಲ್ಲಿದ್ದ ತಮ್ಮ ಗಾಜಿನ ಕಾರ್ಖಾನೆಯನ್ನು ಕಿತ್ತು ಇಲ್ಲಿಗೆ ತಂದರು. ಕಾರಣ ಸರಳ. ಗಾಜು ಕರಗಿಸಲು ಕಲ್ಲಿದ್ದಲು ಬೇಕು, ಅದು ಪಕ್ಕದ ಪೆನ್ಸಿಲ್ವೇನಿಯದಿಂದ ಇಲ್ಲಿಗೆ ಅಗ್ಗವಾಗಿ ಬರುತ್ತಿತ್ತು. ಮಾಲು ಸಾಗಿಸಲು ಕಾಲುವೆಯೂ ರೈಲೂ ಇದ್ದವು. ಊರಿನ ಪ್ರಮುಖರೂ ಹಣ ಕೂಡಿಸಿ, ಬನ್ನಿ ಅಂತ ಕರೆದರು. ಅಲ್ಲಿಂದ ಮುಂದೆ ಊರಿನ ಬದುಕೆಲ್ಲ ಗಾಜಿನ ಮೇಲೇ ನಿಂತಿತು. ಗಾಜನ್ನು ಕಡೆದು ಹೊಳಪು ಕೊಡುವ ಕುಶಲಕರ್ಮಿಗಳು ಇಲ್ಲಿ ಬಂದು ನೆಲೆಸಿದರು. ಊರಿಗೆ ಕ್ರಿಸ್ಟಲ್ ಸಿಟಿ ಅಂತ ಹೆಸರು ಬಂತು. 1880ರ ಹೊತ್ತಿಗೆ ಥಾಮಸ್ ಎಡಿಸನ್ನರ ಹೊಸ ವಿದ್ಯುತ್ ದೀಪಕ್ಕೆ ಗಾಜಿನ ಬುರುಡೆ ಊದಿಕೊಟ್ಟದ್ದೂ ಇದೇ ಕಾರ್ಖಾನೆ.

ನನಗೆ ಇಷ್ಟವಾದ ಕಥೆ ಪೈರೆಕ್ಸ್‌ನದು. ಆಗ ರೈಲ್ವೆ ಲಾಂದ್ರದ ಗಾಜು ಒಂದು ದೊಡ್ಡ ತಲೆನೋವು. ಒಳಗೆ ಉರಿ, ಹೊರಗೆ ತಣ್ಣನೆ ಮಳೆ. ಬಿಸಿ ಗಾಜಿನ ಮೇಲೆ ಹನಿ ಬಿದ್ದರೆ ಚಟ್ ಅಂತ ಒಡೆಯುತ್ತಿತ್ತು. ದೀಪ ಆರಿದರೆ ಎದುರು ಬರುವ ರೈಲಿಗೆ ಸಿಗ್ನಲ್ ಇಲ್ಲ. ಅದಕ್ಕೆ ಬಿಸಿಗೆ ಹೆಚ್ಚು ಹಿಗ್ಗದ, ತಣ್ಣಗಾದರೆ ಹೆಚ್ಚು ಕುಗ್ಗದ ಗಾಜನ್ನು ಇಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ಅದೇ ಕಾರ್ಖಾನೆಯ ಇನ್ನೊಬ್ಬ ವಿಜ್ಞಾನಿ ಜೆಸ್ಸಿ ಲಿಟಲ್ಟನ್. 1913ರಲ್ಲಿ ಅವರ ಹೆಂಡತಿ ಬೆಸ್ಸಿ, ಒಲೆಯಲ್ಲಿಟ್ಟ ತಮ್ಮ ಮಣ್ಣಿನ ಪಾತ್ರೆ ಒಡೆದುಹೋಯಿತು ಅಂತ ಗಂಡನಿಗೆ ಹೇಳಿದರು. ಆತ ಆ ಹೊಸ ಗಾಜಿನ ಬ್ಯಾಟರಿ ಜಾಡಿಯ ತಳ ಕುಯ್ದು ಮನೆಗೆ ತಂದರು. ಬೆಸ್ಸಿ ಅದರಲ್ಲೇ ಕೇಕ್ ಬೇಯಿಸಿದರು. ಪಾತ್ರೆ ಒಡೆಯಲಿಲ್ಲ, ಕೇಕ್ ಎಲ್ಲ ಕಡೆ ಒಂದೇ ಸಮ ಬೆಂದಿತ್ತು, ತಳಕ್ಕೂ ಹಿಡಿಯಲಿಲ್ಲ. 1915ರಲ್ಲಿ ಪೈರೆಕ್ಸ್ ಪಾತ್ರೆ ಮಾರುಕಟ್ಟೆಗೆ ಬಂತು. ಒಂದು ಅಡಿಗೆಮನೆಯ ದೂರಿನಿಂದ ಹುಟ್ಟಿದ್ದು ಅದು.

ಎರಡು ಸಲ ಎರಕ ಹೊಯ್ದ ಕನ್ನಡಿ

ಕಾರ್ನಿಂಗ್ ಮ್ಯೂಸಿಯಂ ಆಫ್ ಗ್ಲಾಸ್ ಒಳಗೆ ಹೋದರೆ ಗೋಡೆಯಷ್ಟು ದೊಡ್ಡ, ದುಂಡನೆಯ ಗಾಜಿನ ಬಿಲ್ಲೆಯೊಂದು ನಿಂತಿದೆ. ಹಿಂಬದಿ ಜೇನುಗೂಡಿನ ಹಾಗೆ ಕುಳಿ ಕುಳಿ. ಅಡ್ಡಗಲ 200 ಇಂಚು, ಅಂದರೆ ಐದು ಮೀಟರಿಗೂ ಸ್ವಲ್ಪ ಜಾಸ್ತಿ. ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕೆ ಕನ್ನಡಿ ಆಗಬೇಕಿದ್ದ ಗಾಜು ಇದು.

1934ರ ಮಾರ್ಚ್ 25ರಂದು ಇದನ್ನು ಎರಕ ಹೊಯ್ದರು. ಕರಗಿದ ಗಾಜಿನ ಶಾಖಕ್ಕೆ ಅಚ್ಚಿನೊಳಗಿನ ದಿಮ್ಮಿಗಳನ್ನು ಹಿಡಿದಿದ್ದ ಬೋಲ್ಟುಗಳು ಸೋತವು. ದಿಮ್ಮಿಗಳು ಕಿತ್ತು ಮೇಲೆ ತೇಲಿದವು. ಅದೇ ವರ್ಷ ಡಿಸೆಂಬರ್ 2ಕ್ಕೆ ಮತ್ತೆ ಹೊಯ್ದರು. ಈ ಸಲ ಸರಿಯಾಯಿತು. ಆದರೆ ಅಷ್ಟು ದಪ್ಪನೆಯ ಗಾಜನ್ನು ಗಡಿಬಿಡಿಯಲ್ಲಿ ತಣಿಸುವ ಹಾಗಿಲ್ಲ. ಹೊರಗೆ ಬೇಗ ಆರಿ ಒಳಗೆ ಬಿಸಿ ಉಳಿದರೆ ಸೀಳಿಬಿಡುತ್ತದೆ. ಹಾಗಾಗಿ ಹತ್ತು ತಿಂಗಳು ದಿನದಿನವೂ ಚೂರು ಚೂರೇ ಶಾಖ ಇಳಿಸಿದರು. ನಡುವೆ 1935ರ ಜುಲೈನಲ್ಲಿ ಶೆಮಂಗ್ ನದಿ ಉಕ್ಕಿ ಬಂತು. ಕೆಲವು ದಿನ ಕರೆಂಟು ನಿಂತಿತು. ಆದರೂ ಗಾಜು ಉಳಿಯಿತು. 1936ರಲ್ಲಿ 20 ಟನ್ ತೂಕದ ಆ ಎರಡನೇ ಬಿಲ್ಲೆಯನ್ನು ರೈಲಿನಲ್ಲಿ ನಿಲ್ಲಿಸಿ, ನಿಧಾನವಾಗಿ, ದೇಶದ ಇನ್ನೊಂದು ತುದಿಗೆ ಒಯ್ದರು. ಅದನ್ನು ನೋಡಲು ಹಳಿಯ ಪಕ್ಕ ಜನ ಸಾಲುಗಟ್ಟಿ ನಿಂತಿದ್ದರಂತೆ. ದೂರದರ್ಶಕ ಉದ್ಘಾಟನೆ ಆದದ್ದು 1948ರಲ್ಲಿ.

ಮ್ಯೂಸಿಯಂನಲ್ಲಿ ನಿಂತಿರುವುದು ಕೆಟ್ಟುಹೋದ ಆ ಮೊದಲನೆಯದು. ಕೆಲಸಕ್ಕೆ ಬಾರದ್ದು ಅಂತ ಅದನ್ನು ಒಡೆದು ಹಾಕಲಿಲ್ಲ, ಊರಿನ ಹೆಮ್ಮೆ ಅಂತ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಮಕ್ಕಳ ಜೊತೆ ಹೋದರೆ ಇದರ ಮುಂದೆ ಐದು ನಿಮಿಷ ಜಾಸ್ತಿ ನಿಲ್ಲಿ.

ಇನ್ನೊಂದು ಕಡೆ ಆಪ್ಟಿಕಲ್ ಫೈಬರಿನ ಕಥೆ ಇದೆ. 1970ರಲ್ಲಿ, ಹೌಟನ್‌ರ ಆ ಕಾರ್ಖಾನೆಯೇ ಬೆಳೆದು ಆದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್ ಮೂವರೂ ಸೇರಿ ಒಂದು ಗಾಜಿನ ಎಳೆ ಮಾಡಿದರು. ಒಂದು ಕಿಲೋಮೀಟರ್ ಸಾಗಿದ ಮೇಲೂ ಅದರಲ್ಲಿ ಹಾಯಿಸಿದ ಬೆಳಕಿನ ನೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಉಳಿದಿತ್ತು. ಕೇಳಲು ಕಡಿಮೆ ಅನಿಸಬಹುದು. ಆದರೆ ಫೋನ್ ಮಾತು ಗಾಜಿನಲ್ಲಿ ಹೋಗಬಹುದು ಅನ್ನುವುದಕ್ಕೆ ಅಷ್ಟು ಸಾಕಿತ್ತು. ನಮ್ಮಪ್ಪ ಹಾಸನದಲ್ಲಿ ಟೆಲಿಫೋನ್ಸ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ತಾಮ್ರದ ಕೇಬಲ್ಲಿಗೆ ನೀರು ಇಳಿದರೆ ಇಡೀ ಊರಿಗೆ ಊರೇ ಫೋನ್ ಸತ್ತುಹೋಗುತ್ತಿತ್ತು. ಗಮ್‌ಬೂಟ್ ಹಾಕಿಕೊಂಡು ಗುಂಡಿಗೆ ಇಳಿಯುತ್ತಿದ್ದುದು, ಆಮೇಲೆ ಫೈಬರ್ ಬಂದ ಮೇಲೆ ಆ ಗೋಳು ತಪ್ಪಿದ್ದು ಎಲ್ಲ ಅಲ್ಲಿ ನಿಂತೇ ಹೇಳಿದರು. ಪಕ್ಕದಲ್ಲಿದ್ದ ಗೈಡ್ ಕೂಡ ಕಿವಿಗೊಟ್ಟು ಕೇಳಿದರು. ನಾನು ಅನುವಾದ ಮಾಡುತ್ತಾ ಹೋದೆ. ಆ ಟ್ರಿಪ್ಪಿನಲ್ಲಿ ಅಪ್ಪ ಅಷ್ಟು ಮಾತಾಡಿದ್ದು ಅಲ್ಲೇ.

ಇವತ್ತು ನಿಮ್ಮ ಕೈಯಲ್ಲಿರುವ ಫೋನಿನ ಪರದೆ ಗೊರಿಲ್ಲಾ ಗ್ಲಾಸ್ ಆಗಿದ್ದರೆ ಅದೂ ಇದೇ ಊರಿನ ಕಂಪನಿಯದು. ಕಂಪನಿಯ ಮುಖ್ಯ ಕಚೇರಿ ಈಗಲೂ ಈ ಹತ್ತು ಸಾವಿರ ಜನರ ಊರಿನಲ್ಲೇ ಇದೆ.

ಕಾರ್ನಿಂಗ್ ಒಳಗೇ ಏನು ಆರಿಸಿಕೊಳ್ಳುವುದು

ಎರಡು ಗಂಟೆ ಮಾತ್ರ ಇದ್ದರೆ ಗಾಜಿನ ಮ್ಯೂಸಿಯಂ ಬಿಟ್ಟು ಬೇರೆ ಯೋಚನೆ ಬೇಡ. ಕಂಪನಿ ಹುಟ್ಟಿದ್ದು ಈ ಊರಿಗೆ ಬರುವ ಮುಂಚೆಯೇ, 1851ರಲ್ಲಿ; ಅದರ ನೂರನೇ ವರ್ಷಕ್ಕೆ, 1951ರಲ್ಲಿ ಶುರುವಾದ ಮ್ಯೂಸಿಯಂ ಇದು. 3,500 ವರ್ಷಗಳ ಗಾಜು ಇಲ್ಲಿದೆ. ಈಜಿಪ್ಟಿನ ಫೇರೋ ಒಬ್ಬನ ಪುಟ್ಟ ಗಾಜಿನ ಮುಖವನ್ನು ತಪ್ಪಿಸಬೇಡಿ. ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ಇದೆ, ಹೆಬ್ಬೆರಳಿನಷ್ಟು. ಕ್ರಿಸ್ತಪೂರ್ವ 15ನೇ ಶತಮಾನದ್ದು. ಅದರ ತುಟಿಯ ಅಂಚು ಇನ್ನೂ ಚೂಪಾಗಿದೆ. ಫ್ರಾನ್ಸಿನ ಬ್ಯಾಕರಾ ಕಂಪನಿ ಮಾಡಿದ ದೋಣಿ ಆಕಾರದ ದೊಡ್ಡ ಗಾಜಿನ ಕೆಲಸವೂ ಇಲ್ಲಿದೆ. ಅದು ಒಂದು ಕಾಲಕ್ಕೆ ಬಿಕಾನೇರಿನ ಮಹಾರಾಜರ ಬಳಿ ಇತ್ತು. 2015ರಲ್ಲಿ ಸೇರಿಸಿದ ಬಿಳಿ ಗೋಡೆಗಳ ಹೊಸ ಭಾಗದಲ್ಲಿ ಈ ಕಾಲದ ಕಲಾವಿದರ ಗಾಜು ಇದೆ. ಬೆಳಕು ಮೇಲಿನಿಂದ ಇಳಿಯುತ್ತದೆ. ಅಲ್ಲಿ ಕೂತು ದಣಿವಾರಿಸಿಕೊಳ್ಳಲೂ ಚೆಂದ.

ಆದರೆ ಎಲ್ಲಕ್ಕಿಂತ ಮೊದಲು ಹಾಟ್ ಗ್ಲಾಸ್ ಶೋ ನೋಡಿ. ಹಳೇ ಸ್ಟ್ಯೂಬೆನ್ ಗಾಜಿನ ಕಾರ್ಖಾನೆಯ ಕಟ್ಟಡವನ್ನೇ ದೊಡ್ಡ ಸಭಾಂಗಣ ಮಾಡಿದ್ದಾರೆ. ಸಿನಿಮಾ ಥಿಯೇಟರಿನ ಹಾಗೆ ಮೆಟ್ಟಿಲು ಸಾಲು, ಎದುರಿಗೆ ಕುಲುಮೆ. ಊದುಕೊಳವೆಯ ತುದಿಯನ್ನು ಕುಲುಮೆಗೆ ಅದ್ದಿ ತಿರುಗಿಸಿ ತೆಗೆದಾಗ ಕೆಂಡದಂಥ ಒಂದು ಮುದ್ದೆ ಬರುತ್ತದೆ. ಸಾವಿರ ಡಿಗ್ರಿಗೂ ಮೇಲಿನ ಬಿಸಿ. ಕೊಳವೆ ತಿರುಗಿಸುವುದನ್ನು ಒಂದು ಕ್ಷಣ ನಿಲ್ಲಿಸಿದರೂ ಮುದ್ದೆ ಜೋತುಬೀಳುತ್ತದೆ. ಅಮ್ಮ ನನ್ನ ಕೈ ಹಿಡಿದು, "ಬೆಲ್ಲದ ಪಾಕ ಎಳೆ ಬಂದ ಹಾಗೇ ಇದೆ ನೋಡೇ" ಅಂದಳು. ನಿಜಕ್ಕೂ ಹಾಗೇ ಇತ್ತು. ಆಮೇಲೆ ಗಾಜು ಊದುವಾತ ಮಡಿಸಿ ನೆನೆಸಿದ ನ್ಯೂಸ್‌ಪೇಪರನ್ನು ಅಂಗೈಯಲ್ಲಿಟ್ಟುಕೊಂಡು ಆ ಬೆಂಕಿಯ ಮುದ್ದೆಯನ್ನು ಸವರಿ ದುಂಡಗೆ ಮಾಡಿದ. ಹಬೆ ಎದ್ದಿತು, ಸುಟ್ಟ ಕಾಗದದ ವಾಸನೆ ಮುಂದಿನ ಸಾಲಿಗೆ ಬಂತು. ಒಂದು ಸಲ ಊದಿದ, ಮತ್ತೆ ಒಲೆಗೆ ಹಿಡಿದ, ಮತ್ತೆ ಊದಿದ. ನೋಡನೋಡುತ್ತಾ ಹೂಜಿಯಾಯಿತು. ಕೊನೆಗೆ ಕೊಳವೆಗೆ ಮೆಲ್ಲಗೆ ಒಂದು ಪೆಟ್ಟು. ಹೂಜಿ ಕಳಚಿ, ದಪ್ಪ ಗ್ಲೌಸ್ ಹಾಕಿದ ಇನ್ನೊಬ್ಬರ ಕೈಗೆ ಬಂತು. ಅಮ್ಮನ ಕೈಯ ಗಾಜಿನ ಬಳೆಗಳು ಅಷ್ಟು ಹೊತ್ತೂ ಸದ್ದಿಲ್ಲದೆ ಇದ್ದವು. ಚಪ್ಪಾಳೆ ಹೊಡೆದಾಗಲೇ ಅವು ಗಲಗಲ ಅಂದದ್ದು.

ಹೀಗೆ ಕುಲುಮೆಯ ಮುಂದೆ ಕೆಲಸ ನಡೆಸುವ ಮುಖ್ಯ ಕುಶಲಿಗೆ ಗ್ಯಾಫರ್ ಅನ್ನುತ್ತಾರೆ. ಊರಿನ ಪೇಟೆಗೂ ಅದೇ ಹೆಸರು, ಗ್ಯಾಫರ್ ಡಿಸ್ಟ್ರಿಕ್ಟ್.

ನೀವೇ ಗಾಜಿನ ವಸ್ತು ಮಾಡುವ ಅವಕಾಶವೂ ಮ್ಯೂಸಿಯಂನಲ್ಲಿದೆ. ಮುಂಚೆಯೇ ಬುಕ್ ಮಾಡಿ. ಇಲ್ಲೊಂದು ವಿಷಯ ನೆನಪಿರಲಿ: ಬಿಸಿ ಗಾಜಿನಿಂದ ಮಾಡಿದ್ದನ್ನು ಆವತ್ತೇ ಕೊಡುವುದಿಲ್ಲ. ಅದು ರಾತ್ರಿಯಿಡೀ ಹದವಾಗಿ ಆರಬೇಕು. ಆ ದೊಡ್ಡ ಕನ್ನಡಿಯ ಹತ್ತು ತಿಂಗಳಿನ ಕಥೆಯೇ ಇಲ್ಲಿ ಒಂದು ರಾತ್ರಿಯದು. ಮೊದಲ ಸಲ ನಾವು ಇದನ್ನು ನೋಡಿಕೊಳ್ಳದೆ ಸಂಜೆಯೇ ಹೊರಟಿದ್ದೆವು, ಮಗಳ ಗಾಜಿನ ಹೂವನ್ನು ಆಮೇಲೆ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬೇಕಾಯಿತು. ರಾತ್ರಿ ಉಳಿಯದವರು ಗಾಜಿನ ಲೋಟದ ಮೇಲೆ ಮರಳಿನಿಂದ ಚಿತ್ರ ಕೊರೆಯುವುದನ್ನು ಆರಿಸಿಕೊಳ್ಳಿ, ಅದನ್ನು ಆಗಲೇ ಒಯ್ಯಬಹುದು.

ಟಿಕೆಟ್ ವಿಷಯ: 17 ವರ್ಷದವರೆಗೆ ಮಕ್ಕಳಿಗೆ ಉಚಿತ. ದೊಡ್ಡವರ ಟಿಕೆಟ್ ಎರಡು ದಿನ ನಡೆಯುತ್ತದೆ. ದರ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ವೆಬ್‌ಸೈಟ್ ನೋಡಿಕೊಳ್ಳಿ. ಎಲ್ಲ ಕಡೆ ಲಿಫ್ಟ್ ಇದೆ, ವೀಲ್‌ಚೇರ್ ಕೇಳಿದರೆ ಕೊಡುತ್ತಾರೆ.

ಇನ್ನೂ ಎರಡು ಗಂಟೆ ಇದ್ದರೆ ಮಾರ್ಕೆಟ್ ಸ್ಟ್ರೀಟ್‌ಗೆ ಹೋಗಿ. ಮ್ಯೂಸಿಯಂನಿಂದ ನದಿಯ ಮೇಲೆ ಕಾಲ್ನಡಿಗೆ ಸೇತುವೆ ಇದೆ, ಅದರಲ್ಲಿ ನಡೆದು ಹೋಗಿ. ದಾರಿಯಲ್ಲಿ ಬೆಳ್ಳನೆಯ ಎತ್ತರದ ಗೋಪುರವೊಂದು ಕಾಣುತ್ತದೆ, ಮೇಲೆ ಕೊಳವೆ ಹಿಡಿದ ಗಾಜು ಊದುವವನ ಚಿತ್ರ. ಅದಕ್ಕೆ ಲಿಟಲ್ ಜೋ ಅಂತ ಹೆಸರು, ಎತ್ತರ 187 ಅಡಿ. ಜ್ವರ ನೋಡುವ ಥರ್ಮಾಮೀಟರಿನ ಸಣ್ಣ ಗಾಜಿನ ನಳಿಕೆ ಇದೆಯಲ್ಲ, ಅದನ್ನು ಒಂದೇ ದಪ್ಪದಲ್ಲಿ ಎಳೆಯಬೇಕಿತ್ತು. ಕರಗಿದ ಗಾಜನ್ನು ಕೆಳಗಿನಿಂದ ನೆಟ್ಟಗೆ ಮೇಲಕ್ಕೆ ಎಳೆದರೆ ಅದು ಸಾಧ್ಯ. ಅದಕ್ಕೇ ಈ ಗೋಪುರ.

ಮಾರ್ಕೆಟ್ ಸ್ಟ್ರೀಟ್ ನಾಲ್ಕೈದು ಅಡ್ಡರಸ್ತೆಯಷ್ಟು ಉದ್ದದ ಹಳೇ ಪೇಟೆ. ಇಟ್ಟಿಗೆ ಕಟ್ಟಡಗಳು, ಮರಗಳು, ಗಾಜಿನ ಕೆಲಸ ಮಾಡುವವರ ಸ್ಟುಡಿಯೊಗಳು. ಇಷ್ಟು ಅಚ್ಚುಕಟ್ಟಾಗಿ ಉಳಿದಿರುವುದರ ಹಿಂದೆ ಒಂದು ದೊಡ್ಡ ನೋವು ಇದೆ. 1972ರ ಜೂನ್ 23ರ ಬೆಳಗಿನ ಜಾವ, ಆಗ್ನೆಸ್ ಚಂಡಮಾರುತದ ಮಳೆಗೆ ಶೆಮಂಗ್ ನದಿ ಒಡ್ಡು ಮೀರಿ ಊರೊಳಗೆ ನುಗ್ಗಿತು. ಕಾರ್ನಿಂಗ್ ಸುತ್ತಮುತ್ತ 18 ಮಂದಿ ತೀರಿಕೊಂಡರು. ಮ್ಯೂಸಿಯಂ ಒಳಗೆ ಐದು ಅಡಿಗೂ ಮೇಲೆ ಕೆಸರು ನೀರು ನಿಂತಿತು. ಆಗಿದ್ದ 13,000 ವಸ್ತುಗಳಲ್ಲಿ 528ಕ್ಕೆ ಪೆಟ್ಟು ಬಿತ್ತು. ಒದ್ದೆಯಾದ ಪುಸ್ತಕಗಳು ಕೊಳೆಯದಿರಲಿ ಅಂತ ಅವನ್ನು ಫ್ರೀಜ್ ಮಾಡಿ ಇಟ್ಟು, ಆಮೇಲೆ ಒಂದೊಂದಾಗಿ ಒಣಗಿಸಿದರು. ಆಗಸ್ಟ್ 1ಕ್ಕೆ ಮ್ಯೂಸಿಯಂ ಮತ್ತೆ ಬಾಗಿಲು ತೆರೆಯಿತು. ಕಂಪನಿ ಊರು ಬಿಟ್ಟು ಹೋಗಲಿಲ್ಲ. ಮಾರ್ಕೆಟ್ ಸ್ಟ್ರೀಟಿನ ಕಟ್ಟಡಗಳನ್ನು ಕೆಡವದೆ, ಇದ್ದ ಹಾಗೇ ರಿಪೇರಿ ಮಾಡಿದರು. ಆಮೇಲೆ 1980ರಲ್ಲಿ ಕಟ್ಟಿದ ಮ್ಯೂಸಿಯಂನ ಹೊಸ ಕಟ್ಟಡದಲ್ಲಿ ಗಾಜನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ ಇಟ್ಟರು.

ಅದೇ ಪೇಟೆಯ ಹತ್ತಿರ ರಾಕ್‌ವೆಲ್ ಮ್ಯೂಸಿಯಂ ಇದೆ. ಹೆಸರು ಕೇಳಿ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅವರದು ಅಂದುಕೊಳ್ಳುವವರು ಜಾಸ್ತಿ. ಅಲ್ಲ. ಇದೇ ಊರಿನಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ನಡೆಸುತ್ತಿದ್ದ ಬಾಬ್ ರಾಕ್‌ವೆಲ್ ಕೂಡಿಟ್ಟ ಚಿತ್ರಗಳಿಂದ ಶುರುವಾದದ್ದು. ಅಮೆರಿಕದ ಪಶ್ಚಿಮದ ಬಯಲು, ಬೆಟ್ಟ, ಕುದುರೆ ಸವಾರರು, ಮೂಲನಿವಾಸಿಗಳ ಕಲೆ. ರೆಮಿಂಗ್ಟನ್, ಬಿಯರ್‌ಸ್ಟಾಟ್ ಎಂಬ ಕಲಾವಿದರ ಕೆಲಸ ಇಲ್ಲಿದೆ. ಕಟ್ಟಡ 1893ರ ಹಳೇ ಸಿಟಿ ಹಾಲ್. ಅದರ ಗೋಡೆ ಒಡೆದುಕೊಂಡು ಹೊರಗೆ ನುಗ್ಗುತ್ತಿರುವ ಹಾಗೆ ಒಂದು ಕಾಡುಕೋಣದ ಶಿಲ್ಪ ಇದೆ, ಮಕ್ಕಳಿಗೆ ಅದರ ಮುಂದೆ ಫೋಟೊ ಬೇಕೇ ಬೇಕು. ಚಿತ್ರಕಲೆ ಇಷ್ಟಪಡುವವರಾದರೆ ಒಂದೂವರೆ ಗಂಟೆ ಕೊಡಿ. ಇಲ್ಲದಿದ್ದರೆ ಹೊರಗಿನಿಂದ ಕೋಣ ನೋಡಿ ಮುಂದೆ ಹೋಗಿ.

1796ರಲ್ಲಿ ಕಟ್ಟಿದ ಬೆಂಜಮಿನ್ ಪ್ಯಾಟರ್ಸನ್ ಇನ್ ಎಂಬ ಹಳೇ ತಂಗುಮನೆಯೂ ಇದೆ. ಹಳ್ಳಿಮನೆ, ಶಾಲೆ, ಕಮ್ಮಾರಸಾಲೆ ಇಂಥವುಗಳಲ್ಲಿ ಆಸಕ್ತಿ ಇರುವವರಿಗೆ ಸರಿ. ಮೊದಲ ಸಲ ಹೋಗುವವರು ಬಿಡಬಹುದು.

ವಾಟ್ಕಿನ್ಸ್ ಗ್ಲೆನ್: ಕಾಲು ಗಟ್ಟಿ ಇದ್ದವರಿಗೆ

ಕಾರ್ನಿಂಗ್‌ನಿಂದ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಸೆನೆಕಾ ಸರೋವರದ ತುದಿಯಲ್ಲಿ ಈ ಪುಟ್ಟ ಊರು. ನೋಡಬೇಕಾದ್ದು ಕಣಿವೆ. ಕಲ್ಲಿನ ಪದರಗಳನ್ನು ಹಳ್ಳ ಕೊರೆದು ಕೊರೆದು ಮಾಡಿದ ಇಕ್ಕಟ್ಟಾದ ದಾರಿ, ಎರಡು ಕಡೆ ಎತ್ತರದ ಬಂಡೆಗೋಡೆ. ಸುಮಾರು ಎರಡು ಮೈಲಿಯಲ್ಲಿ 19 ಜಲಪಾತಗಳು. ಒಂದೆರಡು ಕಡೆ ನೀರಿನ ಹಿಂದೆಯೇ ನಡೆದು ಹೋಗಬಹುದು, ಮುಖಕ್ಕೆ ತುಂತುರು ಹೊಡೆಯುತ್ತದೆ. ಸೌಂದರ್ಯದ ಮಾತು ಬಂದರೆ ಮೂರರಲ್ಲಿ ಇದೇ ಮೊದಲು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ 832 ಕಲ್ಲಿನ ಮೆಟ್ಟಿಲುಗಳಿವೆ, ಬಹುತೇಕ ಒದ್ದೆ. ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗಿ ಕೆಳಗೆ ಬೆಂಚಿನ ಮೇಲೆ ಕೂರಿಸಿ, ನಾವು ಮಾತ್ರ ಹತ್ತಿ ಬರುವುದು ಸರಿಯಲ್ಲ ಅಲ್ವಾ? ಇನ್ನೊಂದು ತೊಡಕು ಕಾಲದ್ದು. ಕಣಿವೆಯ ದಾರಿ ತೆರೆದಿರುವುದು ಮೇ ನಡುವಿನಿಂದ ನವೆಂಬರ್ ಮೊದಲ ಭಾಗದವರೆಗೆ ಮಾತ್ರ. ಹಿಮ ಬಿದ್ದಾಗ ಮುಚ್ಚಿರುತ್ತದೆ. ಜೋರು ಮಳೆ ಬಂದಾಗಲೂ ಮುಚ್ಚಬಹುದು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಸೀರೆ ಉಡುವ ಅಮ್ಮಂದಿರಿಗೆ ಇಲ್ಲಿಗೆ ಚೂಡಿದಾರವೇ ವಾಸಿ.

ಈ ಕಣಿವೆಯನ್ನು 1863ರಲ್ಲೇ ದುಡ್ಡು ತೆಗೆದುಕೊಂಡು ತೋರಿಸಲು ಶುರುಮಾಡಿದ್ದರು. 1906ರಲ್ಲಿ ರಾಜ್ಯ ಸರ್ಕಾರ ಕೊಂಡಿತು. ಕನ್ನಡಿಯ ಕಥೆಯಲ್ಲಿ ಹೇಳಿದೆನಲ್ಲ, 1935ರ ಜುಲೈ ಪ್ರವಾಹ, ಅದೇ ಮಳೆ ಇಲ್ಲಿನ ಮೆಟ್ಟಿಲು, ಸೇತುವೆಗಳನ್ನೂ ಕೊಚ್ಚಿಕೊಂಡು ಹೋಯಿತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಸರ್ಕಾರ ಕೆಲಸ ಕೊಟ್ಟ ಯುವಕರ ಪಡೆ ಅವನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿತು. ಈಗ ನೀವು ಹತ್ತುವುದು ಅವರು ಇಟ್ಟ ಕಲ್ಲುಗಳನ್ನೇ.

ಕಾರ್ ರೇಸ್ ಹುಚ್ಚಿರುವವರು ಮನೆಯಲ್ಲಿದ್ದರೆ ಇನ್ನೊಂದು ಕಾರಣ ಇದೆ. 1948ರಲ್ಲಿ ಊರಿನ ಬೀದಿಗಳಲ್ಲೇ ರೇಸ್ ನಡೆಸಿದ ಊರಿದು. 1961ರಿಂದ 1980ರವರೆಗೆ ಫಾರ್ಮುಲಾ ಒನ್ ಇಲ್ಲಿನ ಟ್ರ್ಯಾಕಿನಲ್ಲಿ ನಡೆಯುತ್ತಿತ್ತು.

ಇಥಾಕಾ: ಒಂದು ದಿನಕ್ಕೆ ಸಾಲದು

ಇಥಾಕಾ ಉಳಿದ ಎರಡಕ್ಕಿಂತ ದೊಡ್ಡದು, ಮೂವತ್ತು ಸಾವಿರದ ಆಸುಪಾಸು ಜನ. 1865ರಲ್ಲಿ ಸ್ಥಾಪನೆಯಾದ ಕಾರ್ನೆಲ್ ವಿಶ್ವವಿದ್ಯಾಲಯ ಗುಡ್ಡದ ಮೇಲಿದೆ. ಹೈಸ್ಕೂಲಿನ ಮಕ್ಕಳಿದ್ದರೆ ಕ್ಯಾಂಪಸ್ ತೋರಿಸುವ ಆಸೆ ಅಪ್ಪ ಅಮ್ಮನಿಗೆ ಇದ್ದೇ ಇರುತ್ತದೆ. ಅಂಥವರಿಗೆ ಇಥಾಕಾನೇ ಸರಿ, ಬೇರೆ ಚರ್ಚೆ ಬೇಡ. ಅಲ್ಲಿನ ಜಾನ್ಸನ್ ಆರ್ಟ್ ಮ್ಯೂಸಿಯಂಗೆ ದುಡ್ಡಿಲ್ಲ. ಅದರ ಮೇಲಿನ ಮಹಡಿಯಿಂದ ಕಯುಗ ಸರೋವರ ಉದ್ದಕ್ಕೆ ಕಾಣುತ್ತದೆ. ಖಗೋಳ ಇಷ್ಟಪಡುವ ಮಕ್ಕಳಿದ್ದರೆ, ಇಲ್ಲಿ ಪ್ರೊಫೆಸರ್ ಆಗಿದ್ದ ಕಾರ್ಲ್ ಸೇಗನ್ ಅವರ ನೆನಪಿಗೆ ಮಾಡಿದ ಸೌರವ್ಯೂಹದ ನಡಿಗೆ ಇದೆ. ಪೇಟೆಯ ನಡುವೆ ಸೂರ್ಯ. ಅಲ್ಲಿಂದ ನಡೆಯುತ್ತಾ ಹೋದಂತೆ ಐನೂರು ಕೋಟಿಗೆ ಒಂದರಂತೆ ಕುಗ್ಗಿಸಿದ ದೂರದಲ್ಲಿ ಒಂದೊಂದೇ ಗ್ರಹ. ಮೊದಲ ನಾಲ್ಕು ಗ್ರಹ ಬೇಗ ಬೇಗ ಸಿಗುತ್ತವೆ, ಆಮೇಲೆ ನಡೆದಷ್ಟೂ ದಾರಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಕಾಲಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಿರಿಯರಿಗೆ ಜಲಪಾತ ತೋರಿಸಲೇಬೇಕು ಅನ್ನುವವರಿಗೆ ಇಲ್ಲೊಂದು ಒಳ್ಳೇ ಜಾಗ ಇದೆ: ಟಗ್ಯಾನಕ್ ಫಾಲ್ಸ್. 215 ಅಡಿ ಎತ್ತರದಿಂದ ಒಂದೇ ನೆಗೆತ. ಎತ್ತರದಲ್ಲಿ ನಯಾಗರವನ್ನೂ ಮೀರಿಸುತ್ತದೆ. ಮೇಲಿನ ರಸ್ತೆಯಲ್ಲಿ ಕಾರು ನಿಲ್ಲಿಸಿದ ಹತ್ತಿರದಲ್ಲೇ ನೋಡುವ ಜಾಗ ಇದೆ. ನಡೆಯುವವರಿಗೆ ಕೆಳಗಿನಿಂದ ಮುಕ್ಕಾಲು ಮೈಲಿಯ ಸಮತಟ್ಟಾದ ದಾರಿಯೂ ಇದೆ. ಬೇಸಿಗೆಯ ಕೊನೆಗೆ ನೀರು ಸಣ್ಣಗಾಗುತ್ತದೆ, ಮೇ ಜೂನ್‌ನಲ್ಲಿ ಹೋದರೆ ವಾಸಿ.

ಊಟದ ವಿಷಯದಲ್ಲೂ ಇಥಾಕಾ ಮುಂದು. 1973ರಲ್ಲಿ ಶುರುವಾದ ಮೂಸ್‌ವುಡ್ ಸಸ್ಯಾಹಾರಿ ಹೋಟೆಲ್ ಇಲ್ಲಿಯದೇ. ಕಾರ್ನಿಂಗ್‌ನಲ್ಲಿ ಸಸ್ಯಾಹಾರಿಗಳಿಗೆ ಪಿಟ್ಜಾ, ಪಾಸ್ತಾ, ಸಲಾಡ್ ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದರೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುವುದು ನೆಮ್ಮದಿ. ವಾಟ್ಕಿನ್ಸ್ ಗ್ಲೆನ್‌ನಲ್ಲಿ ಆಯ್ಕೆ ಇನ್ನೂ ಕಡಿಮೆ.

ಇಥಾಕಾದ ಒಂದೇ ತೊಂದರೆ, ಒಂದು ಜಾಗದಿಂದ ಇನ್ನೊಂದಕ್ಕೆ ಕಾರಿನಲ್ಲೇ ಓಡಾಡಬೇಕು, ಗುಡ್ಡ ಹತ್ತಿ ಇಳಿಯಬೇಕು. ಅರ್ಧ ದಿನಕ್ಕೆ ಹೋದರೆ ಏನೂ ನೋಡಿದ ಹಾಗಾಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಅಪ್ಪ ಅಮ್ಮ ಜೊತೆಗಿದ್ದರೆ ಕಾರ್ನಿಂಗ್. ಮೆಟ್ಟಿಲಿಲ್ಲ, ಬಿಸಿಲಿಲ್ಲ, ಕೂರಲು ಜಾಗ ಇದೆ, ಶೌಚಾಲಯ ಹತ್ತಿರ ಇದೆ. ಅದಕ್ಕಿಂತ ಹೆಚ್ಚಾಗಿ, ಇಂಗ್ಲಿಷ್ ಬರದವರಿಗೂ ಕುಲುಮೆಯ ಮುಂದಿನ ಕೆಲಸ ಅರ್ಥವಾಗುತ್ತದೆ. ಕೈಕೆಲಸ ಗೊತ್ತಿರುವ ಹಿರಿಯರು ಅದನ್ನು ನಮಗಿಂತ ಚೆನ್ನಾಗಿ ನೋಡುತ್ತಾರೆ. ಸಣ್ಣ ಮಕ್ಕಳಿದ್ದರೂ ಕಾರ್ನಿಂಗ್. ಮಳೆ, ಚಳಿಗಾಲ ಅಂದರೂ ಅದೇ.

ಕಾಲೇಜು ಸ್ನೇಹಿತರ ಗುಂಪು, ಹೊಸದಾಗಿ ಮದುವೆಯಾದವರು, ನಡೆಯಲು ಇಷ್ಟಪಡುವವರು ವಾಟ್ಕಿನ್ಸ್ ಗ್ಲೆನ್‌ಗೆ ಹೋಗಿ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೇದು. ಬೇಸಿಗೆಯ ಶನಿವಾರ ಮಧ್ಯಾಹ್ನ ಆ ಇಕ್ಕಟ್ಟಿನ ದಾರಿಯಲ್ಲಿ ಜಾತ್ರೆಯಷ್ಟು ಜನ ಇರುತ್ತಾರೆ. ಎರಡು ಮೂರು ದಿನ ಇಲ್ಲೇ ಉಳಿಯುವ ಯೋಜನೆ ಇದ್ದರೆ, ನಯಾಗರ ಬೇರೆ ಟ್ರಿಪ್ಪಿಗೆ ಇಟ್ಟುಕೊಂಡು ಇಥಾಕಾದಲ್ಲಿ ರೂಮ್ ಮಾಡಿ.

ನಾವು ಕಳೆದ ಸಲ ಮಾಡಿದ್ದು ಹೀಗೆ. ಎಡಿಸನ್‌ನಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ನಾಲ್ಕು ಗಂಟೆಯ ದಾರಿ, ನಡುವೆ ಒಂದು ಕಡೆ ಕಾಫಿ. ಮಧ್ಯಾಹ್ನ ಮ್ಯೂಸಿಯಂ. ಮೊದಲು ಹಾಟ್ ಗ್ಲಾಸ್ ಶೋ, ಆಮೇಲೆ ಕನ್ನಡಿ, ಫೈಬರ್. ನಾಲ್ಕು ಗಂಟೆಗೆ ಮಗಳಿಗೆ ಬುಕ್ ಮಾಡಿದ್ದ ಗಾಜಿನ ಕೆಲಸ. ಸಂಜೆ ಸೇತುವೆ ದಾಟಿ ಮಾರ್ಕೆಟ್ ಸ್ಟ್ರೀಟ್, ಅಪ್ಪನಿಗೆ ಅಲ್ಲಲ್ಲಿ ಬೆಂಚು ಸಿಕ್ಕವು. ರಾತ್ರಿ ಊರಿನಲ್ಲೇ ಉಳಿದೆವು. ಮರುದಿನ ಅದೇ ಟಿಕೆಟ್ಟಿನಲ್ಲಿ ಹಳೇ ಗಾಜಿನ ಗ್ಯಾಲರಿ ನೋಡಿ ನಯಾಗರಕ್ಕೆ ಹೊರಟೆವು. ಅಲ್ಲಿಂದ ಎರಡೂವರೆ ಗಂಟೆ ಸಾಕು, ಮಧ್ಯಾಹ್ನದ ಹೊತ್ತಿಗೆ ಜಲಪಾತದ ಮುಂದೆ ಇದ್ದೆವು.

ಹೊರಡುವ ಮುಂಚೆ ಕೌಂಟರಿನಲ್ಲಿ ಮಗಳ ಹೆಸರು ಹೇಳಿದಾಗ ಕಾಗದದಲ್ಲಿ ಸುತ್ತಿದ ಪುಟ್ಟ ಪೊಟ್ಟಣ ಕೊಟ್ಟರು. ಈ ಸಲ ಅವಳು ಮಾಡಿದ್ದು ನೀಲಿ ಬಣ್ಣದ ಗುಂಡು. ಅಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ಪೂರ್ತಿ ಆರಿದೆ" ಅಂದು ಸೆರಗಿನಲ್ಲಿ ಒರೆಸಿ ಮೊಮ್ಮಗಳ ಕೈಗೆ ಕೊಟ್ಟಳು.